ನೀರು ಬದಲಾಯಿಸಬೇಡಿ

ಮಂಡ್ಯ
7-6-1936

ತೀರ್ಥರೂಪ ಅಪ್ಪನಿಗೆ ರಂಗನಾಯಕಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದೆ. ಮಾವನವರು ಜಗಲಿಯ ಮೇಲೆ ಕ್ಷೇಮ. ಅತ್ತೆ ಅಡುಗೆಮನೆಯಲ್ಲಿ ಕ್ಷೇಮ. ನಿಮ್ಮ ಅಳಿಯ ನಾಲೆ ಕಚೇರಿಯಲ್ಲಿ ಕ್ಷೇಮ. ನಾನು ನಡುಮನೆಯ ಕಿಟಕಿಯ ಹತ್ತಿರ ಇದ್ದೇನೆ, ಅಷ್ಟೆ.

ಈ ಕಿಟಕಿಯಿಂದ ಎದುರುಮನೆಯ ಗೋಡೆ ಕಾಣುತ್ತದೆ. ಗೋಡೆಯ ಮೇಲೆ ಸಕ್ಕರೆ ಕಾರ್ಖಾನೆಯ ಹೊಗೆ ಕಾಣುತ್ತದೆ. ಇನ್ನೇನೂ ಇಲ್ಲ. ಹಿತ್ತಿಲ ಬಾವಿಯವರೆಗೆ ಹೋಗಬಹುದು, ತುಳಸಿಕಟ್ಟೆಯವರೆಗೆ ಹೋಗಬಹುದು. ಮೊದಲು ಶುಕ್ರವಾರ ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋಗುತ್ತಿದ್ದೆ. ಹೋದ ಮಾಘಮಾಸದಿಂದ ಅದೂ ನಿಂತಿದೆ, ಗಾಳಿ ಸೋಕುತ್ತದಂತೆ. ಆಗ ಆದದ್ದು ನಿಮಗೆ ಗೊತ್ತು. ಆರು ತಿಂಗಳ ಬಸುರು ಚಳಿಜ್ವರದಲ್ಲಿ ಇಳಿದುಹೋಯಿತು. ಇಲ್ಲಿ ಯಾರೂ ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ, "ಅದು ಆದ ಮೇಲೆ" ಎನ್ನುತ್ತಾರೆ. ನನಗೆ ಮಾತ್ರ ಅದು ಇನ್ನೂ ಆಗುತ್ತಲೇ ಇದೆ ಅಪ್ಪ.

ಒಂದು ತಿಂಗಳ ಮಟ್ಟಿಗೆ ನನ್ನನ್ನು ಮಳವಳ್ಳಿಗೆ ಕರೆದುಕೊಂಡು ಹೋಗಿ. ನಾಲೆ ಬಂದಾಗಿನಿಂದ ಈ ಊರಿನಲ್ಲಿ ಬೆಳೆಯೂ ಹೆಚ್ಚು, ಸೊಳ್ಳೆಯೂ ಹೆಚ್ಚು. ಅಲ್ಲಿ ಇಷ್ಟಿಲ್ಲ. ನಾನಾಗಿ ಹೊರಡುವ ಹಾಗಿಲ್ಲ. "ಹೆಣ್ಣು ಕೊಟ್ಟವರು ಬಂದು ಕರೆಯಲಿ, ಕಳಿಸೋಣ. ನಾವಾಗಿ ಬಸ್ಸು ಹತ್ತಿಸಿದರೆ ಹೊರಗೆ ಹಾಕಿದ ಹಾಗೆ ಆಗುತ್ತೆ" ಎನ್ನುತ್ತಾರೆ ಮಾವನವರು. ಅವರ ಮಾತಿನಲ್ಲಿ ತಪ್ಪೇನಿಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ. ನೀವು ಬಂದರೆ ಸಾಕು.

ನಿಮ್ಮ ಮಗಳು
ರಂಗನಾಯಕಿ


ಮಳವಳ್ಳಿ
16-6-1936

ಚಿ. ಸೌ. ರಂಗನಾಯಕಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ವಾರವಾಯಿತು. ಓದಿದೆ, ಮತ್ತೆ ಓದಿದೆ. ಶಾಲೆ ಈಗ ತಾನೇ ಶುರುವಾಗಿದೆ, ಹೆಡ್ ಮಾಸ್ತರು ರಜೆ ಕೊಡುವಂತೆ ಕಾಣುವುದಿಲ್ಲ. ಅಲ್ಲದೆ ನಮ್ಮದು ಹೆಂಗಸರಿಲ್ಲದ ಮನೆ. ನಾನು ಬೇಯಿಸಿದ್ದನ್ನು ನಾನೊಬ್ಬನೇ ತಿನ್ನಬಲ್ಲೆ. ಒಳಕೋಣೆಗೆ ಶಾಲೆಯ ಹಳೆಯ ನಕಾಶೆಗಳನ್ನೆಲ್ಲ ತುಂಬಿದ್ದೇನೆ, ಕಾಲಿಡಲು ಜಾಗವಿಲ್ಲ. ಸ್ವಲ್ಪ ತಾಳಿಕೋ.

ನಿನಗೆ ಬೇಸರವಾಗದಿರಲೆಂದು ಒಂದು ವಸ್ತು ಕಳಿಸುತ್ತಿದ್ದೇನೆ. ಮದ್ದೂರಿನ ಅಂಗಡಿಯಲ್ಲಿ ಮಿಠಾಯಿ ತುಂಬಿಡುತ್ತಿದ್ದ ದೊಡ್ಡ ಗಾಜಿನ ಭರಣಿ, ಬಾಯಿ ಅಗಲವಾಗಿದೆ, ಒಂದು ಕೊಡ ನೀರು ಹಿಡಿಯುತ್ತದೆ. ಅದರಲ್ಲಿ ಒಂದು ಸಣ್ಣ ಕೆರೆ ಮಾಡಬೇಕು. ಜೊತೆಯ ಸೀಮೆಎಣ್ಣೆ ಡಬ್ಬದಲ್ಲಿ ನಮ್ಮ ಕೆರೆಯ ಗೋಡುಮಣ್ಣಿದೆ, ಡಬ್ಬ ಚೆನ್ನಾಗಿ ತೊಳೆದದ್ದು. ಮಣ್ಣನ್ನು ಜರಡಿ ಹಿಡಿದು ತಳಕ್ಕೆ ಎರಡು ಬೆರಳು ಹಾಕು. ಮೇಲೆ ಶಿಂಷಾ ಹೊಳೆಯ ಮರಳು, ಅದೂ ಎರಡು ಬೆರಳು. ಒದ್ದೆ ಬಟ್ಟೆಯಲ್ಲಿ ಗಿಡಗಳನ್ನು ಸುತ್ತಿದ್ದೇನೆ. ಪಟ್ಟಿಯ ಹಾಗೆ ಉದ್ದ ಎಲೆಯದು ಒಂದು, ಕವಲುಕವಲಾಗಿ ಹಬ್ಬುವ ಪಾಚಿಗಿಡ ಇನ್ನೊಂದು. ಬೇರನ್ನು ಮಣ್ಣಿಗೆ ತಾಗುವಂತೆ ನೆಡು. ನೀರನ್ನು ತಟ್ಟೆಯ ಮೇಲೆ ಮೆಲ್ಲಗೆ ಸುರಿ, ಇಲ್ಲದಿದ್ದರೆ ಕೆಸರೇಳುತ್ತದೆ. ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ಬೀಳುವ ಕಿಟಕಿಯಲ್ಲಿಡು. ಮೀನು ಬಿಡಲು ಅವಸರ ಬೇಡ, ಮೊದಲು ಗಿಡ ನೆಲೆ ನಿಲ್ಲಲಿ.

ಬಿಳಿಯರ ಸೀಮೆಯಲ್ಲಿ ಇದಕ್ಕೆ ಗಾಳಿ ಊದುವ ಯಂತ್ರ ಇಡುತ್ತಾರಂತೆ, ನೀರು ಬೆಚ್ಚಗಿಡಲು ಕೆಳಗೆ ದೀಪ ಇಡುತ್ತಾರಂತೆ. ನಮಗೆ ಎರಡೂ ಬೇಡ. ಗಿಡದ ಉಸಿರು ಮೀನಿಗೆ, ಮೀನಿನ ಕಸ ಗಿಡಕ್ಕೆ. ಹೊರಗಿನ ಕೈ ಸೋಕದಿದ್ದರೆ ಒಳಗಿನದು ತಾನಾಗಿ ಹೊಂದಿಕೊಳ್ಳುತ್ತದೆ.

ಇಂತಿ
ಕಸ್ತೂರಿರಂಗ


ಮಂಡ್ಯ
5-7-1936

ಅಪ್ಪನಿಗೆ ನಮಸ್ಕಾರ.

ನಾನು ನಿಮ್ಮನ್ನು ಕೇಳಿದೆ, ನೀವು ಕೆಸರು ಕಳಿಸಿದಿರಿ. ಬಸ್ಸಿನ ಕಂಡಕ್ಟರು ಡಬ್ಬ ಇಳಿಸಿದಾಗ ಮಾವನವರು ತುಪ್ಪವೋ ಏನೋ ಎಂದು ಜಗಲಿಯಿಂದ ಎದ್ದು ಬಂದರು. ಮುಚ್ಚಳ ತೆಗೆದು ಮೂಸಿ, "ಮೇಷ್ಟ್ರು ಮಗಳಿಗೆ ತವರಿನ ಮಣ್ಣನ್ನೇ ಕಳಿಸಿಬಿಟ್ಟಿದ್ದಾರೆ, ಇನ್ನು ಕರೆಯೋಕೆ ಬರೋ ಯೋಚನೆ ಇಲ್ಲ ಅಂತ ಕಾಣುತ್ತೆ" ಎಂದರು. ನಗುವಂತೆ ಹೇಳಿದರು. ನನಗೆ ನಗು ಬರಲಿಲ್ಲ. ನಿಜವನ್ನೇ ಹೇಳಿದರು ಎನ್ನಿಸಿ ಸಿಟ್ಟು ಬಂತು.

ಭರಣಿಯನ್ನು ಮೂಲೆಗೆ ತಳ್ಳಿದ್ದೆ. ಆಮೇಲೆ ಮಾಡಲು ಬೇರೆ ಏನಿದೆ ಎಂದು ಎತ್ತಿಕೊಂಡೆ. ನೀವು ಹೇಳಿದ ಹಾಗೆಯೇ ಮಾಡಿದೆ. ಮೊದಲ ವಾರ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು, ಉದ್ದ ಎಲೆಗಳು ಕೊಳೆತು ಬಿದ್ದವು. ನನ್ನ ಕೈಗೆ ಬಂದದ್ದೆಲ್ಲ ಹೀಗೆಯೇ ಎಂದುಕೊಂಡೆ. ಆದರೆ ಹೋದ ಸೋಮವಾರ ಬೆಳಿಗ್ಗೆ ನೋಡುತ್ತೇನೆ, ನೀರು ತಿಳಿಯಾಗಿದೆ, ಬುಡದಲ್ಲಿ ಉಗುರಿನಷ್ಟು ಹೊಸ ಎಲೆ! ಬಿಸಿಲು ಬಿದ್ದಾಗ ಎಲೆಯ ತುದಿಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಅದನ್ನು ನೋಡುತ್ತ ಕೂತು ಹುಳಿ ಹೊತ್ತಿಸಿದೆ, ಬೈಸಿಕೊಂಡೆ.

ಮೀನಿನ ಮಾತೆತ್ತಿದಾಗ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ನಮ್ಮ ಮನೆಯಲ್ಲಿ ಮೀನಾ? ಬೀದಿಯವರು ಏನಂತಾರೆ ರಂಗು?" ಎಂದರು. ಊಟಕ್ಕೆ ಕೂತಿದ್ದ ಇವರು ತಲೆ ಎತ್ತದೆ, "ಮತ್ಸ್ಯಾವತಾರ ಅಂದುಕೊಳ್ಳಮ್ಮ" ಎಂದರು. ಮದುವೆಯಾದಾಗಿನಿಂದ ಇವರು ಅಮ್ಮನ ಎದುರು ನನ್ನ ಪರ ಆಡಿದ ಮೊದಲ ಮಾತು ಅದು. ಅತ್ತೆ ಸೌಟು ಎತ್ತಿಕೊಂಡು ಇವರಿಗೆ ಹುಳಿ ಬಡಿಸಿದರು.

ಹಾಲು ತರುವ ಜವರಯ್ಯ ನಾಲೆಯಿಂದ ಚೊಂಬಿನಲ್ಲಿ ಆರು ಮರಿ ತಂದುಕೊಟ್ಟ. "ಇವು ಸಸಲು ಕಣಮ್ಮ. ನಾಲೇಲಿ ಬೇಕಾದಂಗವೆ. ಸಾರು ಮಾಡಾಕಿಲ್ಲ ಅಂತೀರಿ, ಮತ್ಯಾಕಮ್ಮ ಇವು?" ಎಂದ. ನೋಡೋದಕ್ಕೆ ಎಂದೆ. "ನೋಡಾಕಾ? ಬುಡಿ, ದೊಡ್ಡೋರ ಮನೆ ಇಸ್ಯ" ಎಂದು ತಲೆ ಕೆರೆದುಕೊಂಡು ಹೋದ.

ಈಗ ಆರೂ ಸುತ್ತುತ್ತಿವೆ. ಗಾಜಿನ ತನಕ ಬರುತ್ತವೆ, ತಿರುಗುತ್ತವೆ. ಇನ್ನೊಂದು ಕಡೆ ಹೋಗುತ್ತವೆ, ತಿರುಗುತ್ತವೆ. ಅಯ್ಯೋ ಪಾಪ ಅನ್ನಿಸುತ್ತದೆ. ನೀವು ಯಾವಾಗ ಬರುತ್ತೀರಿ?

ರಂಗನಾಯಕಿ


ಮಳವಳ್ಳಿ
14-7-1936

ಚಿ. ಸೌ. ರಂಗನಾಯಕಿಗೆ ಆಶೀರ್ವಾದಗಳು.

ಎಲೆ ಕೊಳೆತದ್ದಕ್ಕೆ ಹೆದರಬೇಡ, ಜಾಗ ಬದಲಾದರೆ ಗಿಡ ಹಳೆಯ ಎಲೆ ಬಿಡುತ್ತದೆ. ಮೀನಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಹಿಟ್ಟು ಸಾಕು. ಪ್ರೀತಿಯಿಂದ ಹೆಚ್ಚು ಹಾಕಿದರೆ ನೀರು ನಾರುತ್ತದೆ. ಸೊಳ್ಳೆಯ ಮರಿ ಸಿಕ್ಕರೆ ಅವೇ ಹಿಡಿದು ತಿನ್ನುತ್ತವೆ. ಆರಿದಷ್ಟು ನೀರು ಮಾತ್ರ ಮೇಲೆ ಸೇರಿಸು. ಮುಖ್ಯವಾದ ಮಾತು, ನೀರು ಬದಲಾಯಿಸಬೇಡ. ಹಳೆಯ ನೀರೇ ಅವಕ್ಕೆ ಮನೆ.

ಬರುವ ವಿಚಾರ ಮುಂದೆ ನೋಡೋಣ. ಒಂದೆರಡು ಬಸವನಹುಳು ಸಿಕ್ಕರೆ ಬಿಡು, ಗಾಜಿನ ಪಾಚಿ ತಿನ್ನುತ್ತವೆ.

ಕಸ್ತೂರಿರಂಗ


ಮಂಡ್ಯ
2-8-1936

ಅಪ್ಪ,

ಎಲ್ಲ ಹೋಯಿತು.

ಹೋದ ವಾರ ನಾನು ಹೊರಗೆ ಕೂತಿದ್ದೆ. ಹಿತ್ತಿಲ ಸೋಗೆಮಾಡಿನಲ್ಲಿ ಚಾಪೆ, ಚೊಂಬು, ನಾನು. ನಾಲ್ಕನೆಯ ದಿನ ಸ್ನಾನವಾಗುವವರೆಗೆ ಹೊಸಿಲು ದಾಟುವ ಹಾಗಿಲ್ಲ. ಎರಡನೆಯ ದಿನ ಬೆಳಿಗ್ಗೆ ಒಳಗೆ ನಾರಿನಿಂದ ಉಜ್ಜುವ ಸದ್ದು ಕೇಳಿಸಿತು. ಹಿತ್ತಾಳೆ ಉಜ್ಜುವ ಸದ್ದು ನನಗೆ ಗೊತ್ತು, ಇದು ಅದಲ್ಲ. ಗಾಜು! "ಅತ್ತೇ, ಮುಟ್ಟಬೇಡಿ, ನೀರು ಚೆಲ್ಲಬೇಡಿ" ಎಂದು ಕೂಗಿದೆ. "ನೀನು ಸುಮ್ಮನೆ ಕೂತ್ಕೊಳಮ್ಮ, ನಾನು ನೋಡ್ಕೋತೀನಿ" ಎಂದರು. ಬಾಗಿಲವರೆಗೆ ಓಡಿದೆ. ಹೊಸಿಲ ಮೇಲೆ ಕಾಲಿಟ್ಟದ್ದೇ, "ಅಯ್ಯಯ್ಯೋ, ಮಡಿಯಲ್ಲಿದ್ದೀನಿ, ಆಚೆ ನಿಲ್ಲು!" ಎಂದು ಕಿರುಚಿದರು. ನಿಂತೆ. ಆ ಸದ್ದು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿದ್ದಾರೆ. ಮಣ್ಣನ್ನು ದಾಸವಾಳದ ಬುಡಕ್ಕೆ ಸುರಿದಿದ್ದಾರೆ. ಗಿಡದ ಬೇರು ತೊಳೆದು ದಾರದಲ್ಲಿ ಹೂವಿನ ಹಾಗೆ ಕಟ್ಟಿ ಇಳಿಬಿಟ್ಟಿದ್ದಾರೆ. ಬಾವಿಯಿಂದ ಆಗತಾನೆ ಸೇದಿದ ತಣ್ಣೀರು ತುಂಬಿದ್ದಾರೆ. ಸಂಜೆಗೆ ಮೂರು ಮೀನು ಮೇಲೆ ತೇಲಿದವಂತೆ, ಮಾರನೆಯ ದಿನಕ್ಕೆ ಉಳಿದವು. ನಾನು ಸ್ನಾನ ಮಾಡಿ ಒಳಗೆ ಬಂದಾಗ ಭರಣಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ.

ಬೈಯಬೇಕೆಂದೇ ಅತ್ತೆಯ ಹತ್ತಿರ ಹೋದೆ. "ದಿನಾ ಬೆಳಗಾದರೆ ಮನೆಯ ಎಲ್ಲ ಪಾತ್ರೆಯ ನೀರೂ ಚೆಲ್ಲಿ ಹೊಸದು ತುಂಬ್ತೀವಿ. ಇದೊಂದರಲ್ಲಿ ಹಳೆ ನೀರು ಬಿಟ್ಟರೆ ಪಾಪ ಅವು ಹೇಗೆ ಕುಡಿದಾವು ಅಂದುಕೊಂಡೆ. ಬಾಯಿಲ್ಲದ ಪ್ರಾಣಿ, ನೀನೂ ಒಳಗಿಲ್ಲ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಒಳ್ಳೆಯದು ಮಾಡಲು ಹೋಗಿ ಕೊಂದರು ಅಪ್ಪ. ಈ ಮನೆಯಲ್ಲಿ ಎಲ್ಲರೂ ನನಗೂ ಒಳ್ಳೆಯದನ್ನೇ ಮಾಡುತ್ತಿದ್ದಾರೆ.

ರಂಗನಾಯಕಿ


ಮಳವಳ್ಳಿ
10-8-1936

ಚಿ. ಸೌ. ರಂಗನಾಯಕಿಗೆ ಆಶೀರ್ವಾದಗಳು.

ಕಾಗದ ನೋಡಿ ಬೇಜಾರಾಯಿತು. ನಿಮ್ಮ ಅತ್ತೆಯವರನ್ನು ಏನೂ ಅನ್ನಬೇಡ. ಮಡಿಯ ಮನೆಯಲ್ಲಿ ಯಾರೇ ಆಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಕಣ್ಣಿಗೆ ಕಾಣದ ಎಷ್ಟೋ ಜೀವ ಆ ಮಣ್ಣಿನಲ್ಲಿ, ಆ ಹಳೆಯ ನೀರಿನಲ್ಲಿ ಇರುತ್ತವೆ, ಕೊಳೆಯನ್ನು ತಿಂದು ಗಿಡಕ್ಕೆ ಗೊಬ್ಬರ ಮಾಡುತ್ತವೆ. ಅವನ್ನೆಲ್ಲ ತಿಕ್ಕಿ ತೆಗೆದರೆ ಉಳಿಯುವುದು ಬರಿಯ ನೀರು. ಅವರನ್ನು ಜೊತೆಗೆ ಕೂರಿಸಿಕೊಂಡು ಮತ್ತೆ ಮಾಡು. ಮಣ್ಣು ಕಳಿಸುತ್ತಿದ್ದೇನೆ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ದಸರಾ ರಜಕ್ಕೆ ಪ್ರಯತ್ನ ಮಾಡುತ್ತೇನೆ.

ಕಸ್ತೂರಿರಂಗ


ಮಂಡ್ಯ
31-10-1936

ಅಪ್ಪನಿಗೆ ನಮಸ್ಕಾರ.

ದಸರಾ ಬಂತು, ಹೋಯಿತು. ನಿಮ್ಮ ಪ್ರಯತ್ನ ಎಲ್ಲಿಯವರೆಗೆ ಬಂತೋ ತಿಳಿಯಲಿಲ್ಲ. ಮದ್ದೂರಿನವರೆಗಾದರೂ ಬಂದಿತ್ತೆ?

ಭರಣಿ ಚೆನ್ನಾಗಿದೆ. ಈ ಸಲ ಅತ್ತೆಯೇ ಮಣ್ಣು ಜರಡಿ ಹಿಡಿದರು, ಹಿಡಿದು ಮತ್ತೆ ಸ್ನಾನ ಮಾಡಿದರು. ಜವರಯ್ಯನಿಗೆ ತಾವೇ ಹೇಳಿ ಮೀನು ತರಿಸಿದರು. ಗಿಡ ಒತ್ತಾಗಿ ಬೆಳೆದಿದೆ, ಬಸವನಹುಳು ಎಲೆಯ ಅಡಿಗೆ ಮೊಟ್ಟೆ ಅಂಟಿಸಿದೆ. ಮಧ್ಯಾಹ್ನ ಮಾವನವರು ಮಲಗಿದ ಮೇಲೆ ಅತ್ತೆ ಬಂದು ಇದರ ಮುಂದೆ ಕೂರುತ್ತಾರೆ. ನಿಮ್ಮ ಕಾಗದ ಓದು ಎನ್ನುತ್ತಾರೆ. ಜಾತಕ, ಪಂಚಾಂಗ ಎಲ್ಲ ಬಿಟ್ಟು ಈಗ ನಮ್ಮ ಮನೆಯಲ್ಲಿ ಗಿಡದ ಉಸಿರಿನ ಮಾತು.

ಮೊನ್ನೆ ಹಾಗೆ ಕೂತಿದ್ದಾಗ, "ನಮ್ಮ ಆತಗೂರಿನ ಕೆರೆಯಲ್ಲಿ ಇಂಥದೇ ಗಿಡ ಇತ್ತು" ಎಂದರು. ಹೋಗಿ ಎಷ್ಟು ದಿನವಾಯಿತು ಎಂದೆ. "ಅಣ್ಣ ತೀರಿಕೊಂಡ ಮೇಲೆ ಹೋಗಿಲ್ಲ. ನಿನ್ನ ಗಂಡ ಸಂಪತ್ತು ಆಗ ತೊಟ್ಟಿಲಲ್ಲಿದ್ದ. ಕರೆಯೋಕೆ ಯಾರೂ ಬರಲಿಲ್ಲ. ಕರೆಯೋಕೆ ಬಾರದೆ ಹೋಗೋದು ಹೇಗೆ?" ಎಂದರು. ಆತಗೂರು ಇಲ್ಲಿಂದ ಎಷ್ಟು ದೂರ ಅಪ್ಪ? ಮದ್ದೂರು ದಾಟಿದರೆ ಆಯಿತಲ್ಲ. ನಾನು ಅವರನ್ನು ಜೈಲಿನ ಜಮಾದಾರ್ತಿ ಎಂದುಕೊಂಡಿದ್ದೆ. ಅವರೂ ಒಳಗೇ ಇದ್ದಾರೆ, ನನಗಿಂತ ಮುಂಚಿನಿಂದ.

ಇನ್ನೊಂದು ವಿಷಯ. ಎರಡು ತಿಂಗಳಿಂದ ನಾನು ಹೊರಗೆ ಕೂತಿಲ್ಲ.

ಇದನ್ನು ಬರೆಯುತ್ತಿರುವುದು ಸಂತೋಷಕ್ಕಲ್ಲ. ಹೋದ ಸಲವೂ ಇಷ್ಟೇ ಸಂತೋಷಪಟ್ಟಿದ್ದೆವು. ಈ ಊರಿನಲ್ಲಿದ್ದರೆ ಇದೂ ಉಳಿಯುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಬಂದು ಕರೆದುಕೊಂಡು ಹೋಗಿ.

ರಂಗನಾಯಕಿ


ಮಳವಳ್ಳಿ
12-11-1936

ಚಿ. ಸೌ. ರಂಗನಾಯಕಿಗೆ ಅನೇಕ ಆಶೀರ್ವಾದಗಳು.

ಸಂತೋಷ ಮಗು. ದೇವರು ದೊಡ್ಡವನು. ಭಾರ ಎತ್ತಬೇಡ, ಭರಣಿಯನ್ನೂ ಎತ್ತಬೇಡ. ಕ್ವಿನೈನು ತಪ್ಪಿಸಬೇಡ, ಸೊಳ್ಳೆಪರದೆ ಕಟ್ಟಿಸು. ನಿಮ್ಮ ಅತ್ತೆಯವರು ಅನುಭವಸ್ಥರು, ಅವರ ಕಣ್ಣಳತೆಯಲ್ಲಿರುವುದೇ ಕ್ಷೇಮ. ಇಲ್ಲಿ ನಾನೊಬ್ಬ ಗಂಡಸು ಏನು ಮಾಡಲು ಸಾಧ್ಯ? ಬಿಸಿನೀರು ಹಾಕುವವರಿಲ್ಲ, ಪಥ್ಯದ ಅಡುಗೆ ಮಾಡುವವರಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ಬೇರೆ ಮಾತು.

ಚಳಿಗಾಲದಲ್ಲಿ ಮೀನು ಮಂಕಾಗಿ ತಳದಲ್ಲಿ ನಿಲ್ಲುತ್ತವೆ. ಗಾಬರಿಯಾಗಬೇಡ. ಆಗ ತಿಂಡಿ ಇನ್ನೂ ಕಡಿಮೆ ಮಾಡು.

ಕಸ್ತೂರಿರಂಗ


ಮಂಡ್ಯ
4-1-1937

ಅಪ್ಪ,

ಜ್ವರ ಬಂದಿದೆ. ದಿನ ಬಿಟ್ಟು ದಿನ ಬರುತ್ತದೆ. ಮೊದಲು ಹಲ್ಲು ಕಟಕಟ, ಇದ್ದಬದ್ದ ಕಂಬಳಿ ಹೊದಿಸಿದರೂ ನಡುಕ ನಿಲ್ಲುವುದಿಲ್ಲ. ಆಮೇಲೆ ಬೆಂಕಿ. ಆಮೇಲೆ ಬೆವರು. ಬಿಟ್ಟಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತೇನೆ. ನಿನ್ನೆ ಸ್ವಲ್ಪ ಮಿಸುಕಿತು. ಇದ್ದಾನೆ, ಅಥವಾ ಇದ್ದಾಳೆ.

ಡಾಕ್ಟರು ನಿಮ್ಮ ಅಳಿಯನಿಗೆ ಖಂಡಿತವಾಗಿ ಹೇಳಿದ್ದಾರೆ. ಊರು ಬದಲಾಯಿಸಿ, ಇಲ್ಲದಿದ್ದರೆ ಹೋದ ವರ್ಷದ್ದೇ ಮತ್ತೆ ಆದೀತು, ಈ ಸಲ ತಾಯಿಗೂ ಕಷ್ಟ ಎಂದರಂತೆ. ಇವರು ಅದನ್ನು ಮಾವನವರಿಗೆ ಹೇಳಿದರು. ಹೇಳುವಾಗ ನಿಂತೇ ಇದ್ದರು, ಕೂರಲಿಲ್ಲ. ಮಾವನವರದು ಅದೇ ಮಾತು. "ಬೇಡ ಅಂದೋರು ಯಾರಪ್ಪ? ಬಂದು ಕರೆಯಲಿ. ಬಾ ಅನ್ನದೇ ಇರೋ ಮನೆಗೆ ಸೊಸೆಯನ್ನ ಗಂಟುಮೂಟೆ ಹಾಗೆ ಕಳಿಸೋಕೆ ಆಗುತ್ತಾ?"

ನನಗೆ ಪಥ್ಯದ ಅಡುಗೆ ಬೇಡ. ಬಿಸಿನೀರು ನಾನೇ ಕಾಯಿಸಿಕೊಳ್ಳುತ್ತೇನೆ. ಒಳಕೋಣೆಯ ನಕಾಶೆಗಳನ್ನು ಆಚೆ ಹಾಕಿ, ಒಂದು ಚಾಪೆ ಹಿಡಿಸುವಷ್ಟು ಜಾಗ ಮಾಡಿ. ಅಷ್ಟೇ ಕೇಳುವುದು. ನಿಮಗೆ ಕೈ ಮುಗಿಯುತ್ತೇನೆ.

ರಂಗನಾಯಕಿ


ಮಳವಳ್ಳಿ
13-1-1937

ಚಿ. ಸೌ. ರಂಗನಾಯಕಿಗೆ ಆಶೀರ್ವಾದಗಳು.

ನಿನ್ನ ಆರೋಗ್ಯದ ವಿಚಾರ ತಿಳಿದು ಮನಸ್ಸು ನೆಟ್ಟಗಿಲ್ಲ. ಮೈಸೂರಿನಿಂದ ಒಳ್ಳೆಯ ಕ್ವಿನೈನು ತರಿಸಿ ಕಳಿಸಿದ್ದೇನೆ. ಇಂಥ ಸ್ಥಿತಿಯಲ್ಲಿ ಬಸ್ಸಿನ ಕುಲುಕಾಟ ಹಿತವೋ ಅಲ್ಲವೋ ಎಂಬ ಯೋಚನೆಯೂ ಇದೆ. ಜ್ವರ ಪೂರ್ತಿ ಬಿಡಲಿ, ಆಮೇಲೆ ನೋಡೋಣ.

ಸಂಕ್ರಾಂತಿ ಕಳೆದ ಮೇಲೆ ಬಿಸಿಲು ತಿರುಗುತ್ತದೆ, ಕಿಟಕಿಯಲ್ಲಿ ಹೆಚ್ಚು ಹೊತ್ತು ನಿಂತರೆ ಭರಣಿಯ ನೀರು ಹಸಿರಾಗುತ್ತದೆ. ಗಾಜಿಗೆ ಒಂದು ಪಕ್ಕ ಕಾಗದ ಅಂಟಿಸು. ನೀರು ಬದಲಾಯಿಸಬೇಡ. ತಾಳ್ಮೆಯಿಂದ ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ.

ಕಸ್ತೂರಿರಂಗ


ಮಂಡ್ಯ
17-1-1937

ಅಪ್ಪ,

ನಾನು ಭರಣಿಯ ಮೀನಲ್ಲ. ಇನ್ನು ಮೇಲೆ ಕಾಗದ ಬರೆಯಬೇಡಿ.

ರಂಗನಾಯಕಿ


ಮಂಡ್ಯ
9-2-1937

ಬೀಗರಾದ ಕಸ್ತೂರಿರಂಗಯ್ಯನವರಿಗೆ ಸಂಪತ್ತನ ತಾಯಿ ಪದ್ಮಮ್ಮ ಮಾಡುವ ನಮಸ್ಕಾರ.

ನಾನು ಕಾಗದ ಬರೆದವಳಲ್ಲ. ಅಕ್ಷರ ಸೊಟ್ಟಗಿದ್ದರೆ ನೀವು ಮೇಷ್ಟ್ರು, ತಿದ್ದಿಕೊಂಡು ಓದಿ. ಮನೆಯಲ್ಲಿ ಯಾರಿಗೂ ಹೇಳದೆ ಬರೆಯುತ್ತಿದ್ದೇನೆ. ಅಂಚೆಗೆ ಹಾಕೋಕೆ ಜವರಯ್ಯನ ಕೈಲಿ ಕೊಡುತ್ತೇನೆ.

ನಿಮ್ಮ ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಲೇ ಇದೆ. ಮೊನ್ನೆ ಬಂದಾಗ ಕಣ್ಣು ಮೇಲೆ ಸಿಕ್ಕಿಕೊಂಡು ಅಮ್ಮಾ ಅಮ್ಮಾ ಅಂದಳು. ನನ್ನನ್ನೇ ಕರೆದಳೋ ಹೋದವರನ್ನು ಕರೆದಳೋ ಗೊತ್ತಿಲ್ಲ. ನಾನು ಓ ಅಂದೆ. ಮಗು ಇನ್ನೂ ಮಿಸುಕುತ್ತಿದೆ. ಅವಳು ಮಾತ್ರ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಭರಣಿಯನ್ನು ತಿರುಗಿ ನೋಡಲ್ಲ. ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ನೀರು ಬದಲಾಯಿಸಿಲ್ಲ, ಹೆದರಬೇಡಿ.

ನಿಮ್ಮ ಕಾಗದಗಳನ್ನು ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಗಿಡದ ಉಸಿರು, ಬಸವನಹುಳು, ಬಿಸಿಲು, ಕಾಗದ ಅಂಟಿಸು. ಏನು ಸ್ವಾಮಿ ಇದು? ನಿಮ್ಮ ಮನೆಯವರು ಅದೇ ಮನೆಯ ಒಳಕೋಣೆಯಲ್ಲಿ ಎರಡನೇ ಬಾಣಂತನದಲ್ಲಿ ಹೋದರು, ಕೂಸೂ ಹೋಯಿತು ಅಂತ ಸಂಪತ್ತು ಹೇಳಿದ, ಮದುವೆಯ ಹೊತ್ತಿಗೆ ನಿಮ್ಮೂರಿನವರು ಯಾರೋ ಅವನ ಕಿವಿಗೆ ಹಾಕಿದ್ದರಂತೆ. ಅವಳಿಗೆ ಗೊತ್ತಿರೋದು ಅಮ್ಮ ಜ್ವರದಲ್ಲಿ ಹೋದಳು ಅಂತ ಮಾತ್ರವಂತೆ. ಆ ಕೋಣೆಗೆ ನಕಾಶೆ ಯಾಕೆ ತುಂಬಿದ್ದೀರಿ ಅಂತ ನನಗೆ ಅರ್ಥವಾಯಿತು. ಹೆದರಿಕೆ ಇದ್ದರೆ ಹೆದರಿಕೆ ಅಂತ ಬರೆಯಿರಿ. ಪಾಚಿ ಪಾಚಿ ಅಂತ ಯಾಕೆ ಬರೆಯುತ್ತೀರಿ? ನೀವು ಕರೆದರೆ ಆ ಕೋಣೆಯಲ್ಲಿ ಏನಾಗುತ್ತೋ ಅಂತ ನಿಮಗೆ ಭಯ. ಕರೆಯದೇ ಇದ್ದರೆ ಈ ಕೋಣೆಯಲ್ಲಿ ಆಗುತ್ತೆ. ಅದು ನಾನು ಕಣ್ಣಾರೆ ನೋಡುತ್ತಿದ್ದೇನೆ.

ನಮ್ಮ ಮನೆಯವರು ಕೆಟ್ಟವರಲ್ಲ. ಆಡಿದ ಮಾತಿನಿಂದ ಇಳಿಯೋಕೆ ಬಾರದವರು. ನೀವು ಬಾಗಿಲಿಗೆ ಬಂದು ನಿಂತರೆ ಅವರೇ ಗಾಡಿ ಮಾಡಿಸುತ್ತಾರೆ.

ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಅಂತ ಬಾಗಿಲು ನೋಡೋದು ಏನು ಅಂತ ನಾನು ಬಲ್ಲೆ. ಅಣ್ಣ ಸತ್ತ ಸುದ್ದಿ ಬಂದ ಮೇಲೂ ನಾನು ಎಷ್ಟೋ ದಿನ ನೋಡಿದ್ದೇನೆ. ನಿಮ್ಮ ಮಗಳು ನೋಡೋದನ್ನು ನಿಲ್ಲಿಸಿದ್ದಾಳೆ. ಅದಕ್ಕೇ ಬರೆದೆ.

ಪದ್ಮಮ್ಮ


ಮಳವಳ್ಳಿ
12-2-1937

ಸೌಭಾಗ್ಯವತಿ ಪದ್ಮಮ್ಮನವರಿಗೆ ಕಸ್ತೂರಿರಂಗನ ನಮಸ್ಕಾರಗಳು.

ಹೆದರಿಕೆಯೇ. ನೀವು ಬರೆದದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ನಕಾಶೆಗಳನ್ನು ನಿನ್ನೆ ಶಾಲೆಗೆ ಸಾಗಿಸಿದೆ. ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಹೆರಿಗೆ ಬಲ್ಲ ನರ್ಸಮ್ಮ ಒಬ್ಬರು ಇಲ್ಲಿನ ಆಸ್ಪತ್ರೆಗೆ ಬಂದಿದ್ದಾರೆ, ಮಾತಾಡಿದ್ದೇನೆ. ಭಾನುವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ.

ನರ್ಸಮ್ಮ ಬಂದು ಹೋಗುವವರು. ರಂಗನಾಯಕಿ ಅಮ್ಮಾ ಎಂದರೆ ಓ ಎನ್ನುವವರು ಈ ಮನೆಯಲ್ಲಿ ಬೇಕು. ನನಗೆ ಒಡಹುಟ್ಟಿದವರಿಲ್ಲ. ನೀವು ತಪ್ಪು ತಿಳಿಯದಿದ್ದರೆ ಭಾನುವಾರ ಇಬ್ಬರನ್ನು ಕರೆಯಲು ಬರುತ್ತೇನೆ, ಮಗಳನ್ನೂ ತಂಗಿಯನ್ನೂ. ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ, ಅರಿಸಿನ ಕುಂಕುಮ ಎಲ್ಲ ತರುತ್ತೇನೆ. ಜಗಲಿಯ ಮೇಲೆ ಎಲ್ಲರ ಎದುರು, ತವರಿನಿಂದ ಬಂದಿದ್ದೇನೆ ಎಂದೇ ಹೇಳುತ್ತೇನೆ. ಬೀಗರು ಬೈದರೆ ಬೈಸಿಕೊಳ್ಳುತ್ತೇನೆ.

ರಂಗನಾಯಕಿಗೆ ನಾನು ಬರೆಯುವುದಿಲ್ಲ, ಬರೆಯಬೇಡ ಎಂದಿದ್ದಾಳೆ. ಬಾಗಿಲ ಕಡೆ ನೋಡಲು ಹೇಳಿ.

ನಿಮ್ಮ ಅಣ್ಣ
ಕಸ್ತೂರಿರಂಗ


ಮಳವಳ್ಳಿ
20-6-1937

ಸಂಪತ್ತನ ತಂದೆಯವರಿಗೆ ಪದ್ಮಮ್ಮನ ನಮಸ್ಕಾರಗಳು.

ತಂತಿ ಕಳಿಸಿದ್ದು ತಲುಪಿರಬೇಕು. ಗಂಡು ಮಗು. ಸಣ್ಣಗಿದೆ, ಆದರೆ ಅತ್ತರೆ ಬೀದಿಯ ಕೊನೆಯವರೆಗೆ ಕೇಳುತ್ತೆ, ನಿಮ್ಮ ಗಂಟಲೇ. ರಂಗು ಎದ್ದು ಕೂರುತ್ತಾಳೆ, ಊಟ ಸೇರುತ್ತೆ. ಜ್ವರ ಬಂದು ಎರಡು ತಿಂಗಳ ಮೇಲಾಯಿತು. ಒಳಕೋಣೆಗೆ ಗಾಳಿ ಚೆನ್ನಾಗಿ ಬರುತ್ತೆ. ಅಣ್ಣ ಮೊದಮೊದಲು ಬಾಗಿಲಲ್ಲೇ ನಿಂತು ಮಗು ನೋಡುತ್ತಿದ್ದರು, ಈಗ ಒಳಗೆ ಬಂದು ಕೂರುತ್ತಾರೆ. ಮೇ ರಜದಲ್ಲಿ ಒಂದು ದಿನ ನನ್ನನ್ನು ಆತಗೂರಿಗೆ ಕರೆದುಕೊಂಡು ಹೋಗಿದ್ದರು. ಮನೆ ಬೇರೆಯವರದಾಗಿದೆ. ಕೆರೆ ಇದೆ. ಕಾಲು ಇಳಿಬಿಟ್ಟು ಕೂತಿದ್ದೆ.

ನಿಮ್ಮ ಕಾಗದ ಬಂತು. ಸಂಪತ್ತು ಮಾಡಿದ ಸಾರಿಗೆ ಉಪ್ಪು ಹೆಚ್ಚು, ಹೋಟೆಲಿನ ಊಟ ಒಗ್ಗಲ್ಲ, ದಿನಾ ಜಗಲಿಯ ಮೇಲೆ ಒಬ್ಬನೇ ಕೂತು ಬೇಸರ, ಹೊರಗೆ ಹೋಗೋಣವೆಂದರೆ ಮನೆ ಕಾಯೋರಿಲ್ಲ ಅಂತ ಬರೆದಿದ್ದೀರಿ. ಓದಿ ಅಯ್ಯೋ ಅನ್ನಿಸಿತು. ಭರಣಿಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ಎರಡು ದಿನಕ್ಕೊಮ್ಮೆ ಚಿಟಿಕೆ ಹಿಟ್ಟು ಸಾಕು. ಆರಿದಷ್ಟು ನೀರು ಸೇರಿಸಿ. ಬದಲಾಯಿಸಬೇಡಿ.

ಬಾಣಂತನ ಮುಗಿದ ಕೂಡಲೇ ಹೊರಟು ಬಾ, ಬಸ್ಸು ಹತ್ತಿದರೆ ಆಯಿತು ಅಂತಲೂ ಬರೆದಿದ್ದೀರಿ. ಅದು ಹೇಗಾಗುತ್ತೆ? ನಾನು ತವರಿನಲ್ಲಿದ್ದೇನೆ. ಕರೆಯೋಕೆ ಬಾರದೆ ಹೊರಡೋ ಪದ್ಧತಿ ಇಲ್ಲ ಅಂತ ನೀವೇ ಹೇಳುತ್ತಿದ್ದಿರಿ. ನೀವು ಬನ್ನಿ. ಸಂಪತ್ತನನ್ನು ಕಳಿಸಬೇಡಿ, ನೀವೇ ಬನ್ನಿ. ಇಲ್ಲಿ ಜಗಲಿ ಇದೆ, ನಾನು ಅಲ್ಲೇ ಕೂತಿರುತ್ತೇನೆ.

ಪದ್ಮಮ್ಮ